ಸ್ಕೂಟರ್ ಕ್ಲಚ್ ಜಾಮ್ ಆದಾಗ: ಸ್ಪ್ರಿಂಗ್ ಬದಲಾಯಿಸುವ ಮೊದಲು ಒಳಗೆ ಏನಾಗಿದೆ ನೋಡಿ

ಸಿಗ್ನಲ್ ಬಿಟ್ಟ ಕೂಡಲೇ ಗಾಡಿ ಎದ್ದೇಳುವುದಿಲ್ಲ. ಆಕ್ಸಿಲರೇಟರ್ ತಿರುಗಿಸಿದರೂ ಎಂಜಿನ್ ತಿಣುಕುತ್ತದೆ, ಹಿಂದಿನ ಆಟೋದವರು ಹಾರ್ನ್ ಹೊಡೆಯುತ್ತಾರೆ, ಇಪ್ಪತ್ತು ಮೂವತ್ತರ ಸ್ಪೀಡ್ ಬಂದ ಮೇಲೆ ಎಲ್ಲ ಸರಿಹೋಗುತ್ತದೆ. ಬೆಂಗಳೂರಿನ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ನಿಂತು ಮತ್ತೆ ಹೊರಡಬೇಕು ಅಂದರೆ ಜೀವ ಬಾಯಿಗೆ ಬರುತ್ತದೆ. ಗೇರ್ ಇಲ್ಲದ ಸ್ಕೂಟರ್ ಇಟ್ಟುಕೊಂಡ ತುಂಬಾ ಜನ ಇದನ್ನು "ಪಿಕಪ್ ಹೋಗಿದೆ" ಅಂತ ಹೇಳಿ ಗ್ಯಾರೇಜಿಗೆ ಬಿಡುತ್ತಾರೆ. ಅಲ್ಲಿಂದ ಬರುವ ಉತ್ತರ ಹೆಚ್ಚಾಗಿ ಎರಡರಲ್ಲಿ ಒಂದು. ಕ್ಲಚ್ ಸೆಟ್ ಪೂರ್ತಿ ಬದಲಾಯಿಸಬೇಕು, ಇಲ್ಲವೇ ಸ್ಪ್ರಿಂಗ್ ವೀಕ್ ಆಗಿದೆ, ಹೊಸದು ಹಾಕಿದರೆ ಸಾಕು.

ಕೆಲವೊಮ್ಮೆ ಎರಡೂ ನಿಜವೇ. ಆದರೆ ಕ್ಲಚ್ ಜಾಮ್ ಆಗಿರುವ ಗಾಡಿಗಳಲ್ಲಿ ಸ್ಪ್ರಿಂಗ್ ಒಂದನ್ನೇ ಬದಲಾಯಿಸಿದರೆ ಸಮಸ್ಯೆ ಕೆಲವೇ ವಾರಗಳಲ್ಲಿ ವಾಪಸ್ ಬರುತ್ತದೆ. ಯಾಕೆ ಅಂದರೆ ಸ್ಪ್ರಿಂಗ್ ತಳ್ಳಬೇಕಾದ ತಟ್ಟೆ ತನ್ನ ಕೊಳವೆಯ ಮೇಲೆ ಅಂಟಿಕೊಂಡಿರುತ್ತದೆ. ಅದು ಸಲೀಸಾಗಿ ಜಾರದಿದ್ದರೆ ಎಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೂ ಪ್ರಯೋಜನ ಇಲ್ಲ. ಇದನ್ನು ಬಿಚ್ಚುವುದು ಹೇಗೆ, ಬಿಚ್ಚುವಾಗ ಎಲ್ಲಿ ಹುಷಾರಾಗಿರಬೇಕು, ಒಳಗೆ ಏನು ನೋಡಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನೀವೇ ಬಿಚ್ಚದಿದ್ದರೂ ಪರವಾಗಿಲ್ಲ, ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಸರಿಯಾದ ಪ್ರಶ್ನೆ ಕೇಳುವಷ್ಟು ಗೊತ್ತಾದರೆ ಸಾಕು.

ಮೊದಲು ಕವರ್ ಒಳಗೆ ಏನಿದೆ

ಸ್ಕೂಟರ್‌ನ ಎಡಗಡೆ ಉದ್ದನೆಯ ಕವರ್ ಇದೆ ಅಲ್ವಾ, ಅದರ ಒಳಗೆ ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಮುಂದಿನ ಪುಲ್ಲಿ ಎಂಜಿನ್ನಿನ ಕ್ರ್ಯಾಂಕ್ ಮೇಲೆ ಕೂತಿದೆ. ಹಿಂದಿನ ಪುಲ್ಲಿ, ಅದಕ್ಕೆ ಸೇರಿದ ಕ್ಲಚ್, ಎರಡೂ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಮೇಲೆ. ಇದಕ್ಕೆ ಸಿವಿಟಿ ಅನ್ನುತ್ತಾರೆ. ಈ ಬಗೆಯ ಬೆಲ್ಟ್ ಡ್ರೈವನ್ನು ಕಾರಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಂದದ್ದು ನೆದರ್ಲೆಂಡ್ಸ್‌ನ ಡಾಫ್ ಕಂಪನಿ, 1958ರಲ್ಲಿ, ವೇರಿಯೋಮ್ಯಾಟಿಕ್ ಅನ್ನುವ ಹೆಸರಿನಲ್ಲಿ. ನಮ್ಮ ರಸ್ತೆಗಳಿಗೆ ಇದನ್ನು ಪರಿಚಯಿಸಿದ್ದು 1984ರ ಕೈನೆಟಿಕ್ ಹೋಂಡಾ. 2001ರಲ್ಲಿ ಆಕ್ಟಿವಾ ಬಂದ ಮೇಲೆ ಮನೆಮನೆಗೂ ತಲುಪಿತು. ಗಾಡಿ ಯಾವ ಕಂಪನಿಯದ್ದಾದರೂ ಒಳಗಿನ ತತ್ವ ಒಂದೇ. ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಇದು ಯಾವುದೂ ಇಲ್ಲ, ಅವುಗಳ ವಿಷಯ ಬೇರೆ.

ಒಂದೊಂದು ಪುಲ್ಲಿಯಲ್ಲೂ ಎರಡೆರಡು ಓರೆ ತಟ್ಟೆಗಳಿವೆ. ಒಂದು ತಟ್ಟೆ ಕದಲುವುದಿಲ್ಲ, ಇನ್ನೊಂದು ಅದರ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ತಟ್ಟೆಗಳು ಹತ್ತಿರ ಬಂದರೆ ಬೆಲ್ಟ್ ಅಂಚಿನ ಕಡೆ ಏರುತ್ತದೆ, ದೂರ ಸರಿದರೆ ನಡುವಿಗೆ ಇಳಿಯುತ್ತದೆ. ಮುಂದಿನ ಪುಲ್ಲಿಯಲ್ಲಿ ರೋಲರ್‌ಗಳಿವೆ, ಸಾಮಾನ್ಯವಾಗಿ ಆರು. ಎಂಜಿನ್ ಜೋರಾಗಿ ತಿರುಗಿದ ಹಾಗೆ ಅವು ಹೊರಗೆ ಚಿಮ್ಮಿ ತಟ್ಟೆಯನ್ನು ಒತ್ತುತ್ತವೆ, ಮುಂದೆ ಬೆಲ್ಟ್ ಏರುತ್ತದೆ. ಬೆಲ್ಟ್ ಉದ್ದ ಅಷ್ಟೇ ಇರುವುದರಿಂದ ಹಿಂದೆ ಅದು ಒಳಕ್ಕೆ ಇಳಿಯಲೇಬೇಕು. ಇಳಿಯಬೇಕು ಅಂದರೆ ಹಿಂದಿನ ಕದಲುವ ತಟ್ಟೆ ದೂರ ಸರಿಯಬೇಕು. ಅದು ಸುಮ್ನೆ ಸರಿಯದ ಹಾಗೆ ಹಿಂದಿನಿಂದ ತಳ್ಳಿ ಹಿಡಿದಿರುವುದೇ ನಾವು ಮಾತಾಡುತ್ತಿರುವ ದೊಡ್ಡ ಸ್ಪ್ರಿಂಗ್.

ಅಂದರೆ ಇದು ಮುಂದಿನ ರೋಲರ್‌ಗೂ ಹಿಂದಿನ ಸ್ಪ್ರಿಂಗ್‌ಗೂ ನಡೆಯುವ ಜಗ್ಗಾಟ. ಗಾಡಿ ಹೊರಡುವಾಗ ಸ್ಪ್ರಿಂಗ್ ಗೆದ್ದಿರುತ್ತದೆ. ಆಗ ಎಂಜಿನ್ ಹೆಚ್ಚುಕಡಿಮೆ ಎರಡೂವರೆ ಸುತ್ತು ತಿರುಗಿದರೆ ಹಿಂದಿನ ಪುಲ್ಲಿ ಒಂದು ಸುತ್ತು. ಇದು ಫಸ್ಟ್ ಗೇರ್ ಇದ್ದ ಹಾಗೆ. ಪೂರ್ತಿ ಸ್ಪೀಡಿನಲ್ಲಿ ರೋಲರ್ ಗೆದ್ದಿರುತ್ತದೆ. ಆಗ ಎಂಜಿನ್ನಿಗಿಂತ ಹಿಂದಿನ ಪುಲ್ಲಿಯೇ ಜಾಸ್ತಿ ತಿರುಗುತ್ತದೆ, ಎಂಜಿನ್ನಿನ ಮುಕ್ಕಾಲು ಭಾಗದಷ್ಟು ಸುತ್ತಿಗೇ ಇದು ಒಂದು ಸುತ್ತು ಮುಗಿಸಿರುತ್ತದೆ. ಅಳತೆ ಗಾಡಿಯಿಂದ ಗಾಡಿಗೆ ಸ್ವಲ್ಪ ಬೇರೆ ಇರುತ್ತದೆ, ಲೆಕ್ಕ ಮಾತ್ರ ಇದೇ.

ಗಾಲ್ಫ್ ಕಾರ್ಟ್, ಎಟಿವಿ (ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಗಾಡಿ) ತರಹದ ಗಾಡಿಗಳಲ್ಲಿ ಮುಂದಿನ ಪುಲ್ಲಿಯೇ ಡ್ರೈವ್ ಕ್ಲಚ್, ಅದರೊಳಗೂ ಒಂದು ಸ್ಪ್ರಿಂಗ್ ಇರುತ್ತದೆ. ಅಂಥ ವಿಡಿಯೋ ನೋಡಿಕೊಂಡು ಬಂದು ಸ್ಕೂಟರ್‌ನ ಮುಂದಿನ ಪುಲ್ಲಿ ಬಿಚ್ಚಿ ಸ್ಪ್ರಿಂಗ್ ಹುಡುಕಬೇಡಿ. ನಮ್ಮ ಸ್ಕೂಟರ್‌ಗಳಲ್ಲಿ ಸ್ಪ್ರಿಂಗ್ ಇರುವುದು ಹಿಂದೆ.

ಇನ್ನೊಂದು ಮುಖ್ಯ ಸಂಗತಿ ಇದೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಿಂದಿನ ಕದಲುವ ತಟ್ಟೆ ನೇರವಾಗಿ ಹಿಂದೆ ಮುಂದೆ ಹೋಗುವುದಿಲ್ಲ. ಅದರ ಕತ್ತಿನಲ್ಲಿ ಓರೆಯಾಗಿ ಕೊರೆದ ಸೀಳುಗಳಿವೆ, ಆ ಸೀಳುಗಳ ಮೂಲಕ ಪಿನ್‌ಗಳು ಒಳಗಿನ ಕೊಳವೆಗೆ ಹೋಗಿ ಕೂತಿವೆ. ಹಾಗಾಗಿ ತಟ್ಟೆ ಸರಿಯಬೇಕಾದರೆ ಸ್ವಲ್ಪ ತಿರುಗಲೂ ಬೇಕು. ಡಬ್ಬದ ಮುಚ್ಚಳ ತಿರುಗಿಸಿದಾಗ ಅದು ಕೆಳಗೆ ಇಳಿಯುತ್ತದಲ್ಲ, ಅದೇ ಲೆಕ್ಕ. ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಬೆಲ್ಟ್ ಈ ತಟ್ಟೆಯನ್ನು ತಿರುಗಿಸಲು ನೋಡುತ್ತದೆ, ಓರೆ ಸೀಳು ಅದನ್ನು ಮುಚ್ಚುವ ಕಡೆಗೆ ತಳ್ಳುತ್ತದೆ, ಬೆಲ್ಟ್ ಮತ್ತಷ್ಟು ಬಿಗಿಯಾಗಿ ಹಿಡಿತಕ್ಕೆ ಬರುತ್ತದೆ, ಗಾಡಿ ತಾನಾಗಿಯೇ ಲೋ ಗೇರಿಗೆ ಇಳಿದ ಹಾಗೆ ಎಳೆಯುತ್ತದೆ. 1,478 ಮೀಟರ್ ಎತ್ತರದ ನಂದಿ ಬೆಟ್ಟವನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು 110 ಸಿಸಿ ಸ್ಕೂಟರ್ ಹತ್ತುವುದಕ್ಕೆ ಎಂಜಿನ್ನಿನ ಜೊತೆಗೆ ಈ ಓರೆ ಸೀಳು ಮತ್ತು ಸ್ಪ್ರಿಂಗ್ ಕೂಡ ಕಾರಣ.

ಯಾವುದು ಕೆಟ್ಟಿದೆ ಅಂತ ಬಿಚ್ಚುವ ಮೊದಲೇ ತಿಳಿಯುವುದು

ಕ್ಲಚ್ಚಿನಲ್ಲಿ ಎರಡು ಬಗೆಯ ಸ್ಪ್ರಿಂಗ್ ಇದೆ. ದೊಡ್ಡದು ಒಂದು, ಅದರ ಕೆಲಸ ಈಗ ಹೇಳಿದೆ. ಚಿಕ್ಕವು ಮೂರು, ಅವು ಕ್ಲಚ್ ಶೂಗಳನ್ನು ಒಳಗೆ ಎಳೆದು ಹಿಡಿದಿರುತ್ತವೆ. ಕ್ಲಚ್ ಸಾಕಷ್ಟು ಜೋರಾಗಿ ತಿರುಗಿದಾಗ ಶೂಗಳು ಹೊರಗೆ ಬಂದು ಸುತ್ತಲಿನ ಬಟ್ಟಲಿನಂಥ ಬೆಲ್ ಅನ್ನು ಹಿಡಿಯುತ್ತವೆ, ಗಾಡಿ ಹೊರಡುತ್ತದೆ. ಚಿಕ್ಕ ಸ್ಪ್ರಿಂಗ್ ತುಂಡಾದರೆ ಅಥವಾ ಸಡಿಲವಾದರೆ ಐಡ್ಲಿಂಗ್‌ನಲ್ಲೇ ಗಾಡಿ ಮುಂದಕ್ಕೆ ತಳ್ಳುತ್ತದೆ, ಬ್ರೇಕ್ ಬಿಡಲು ಆಗುವುದಿಲ್ಲ.

ಗ್ಯಾರೇಜಿನಲ್ಲಿ ತಪ್ಪಾಗುವುದು ಇಲ್ಲೇ. ಹಿಂದಿನ ಪುಲ್ಲಿ ತೆರೆದುಕೊಂಡ ಸ್ಥಿತಿಯಲ್ಲಿ ಜಾಮ್ ಆದರೂ ಇದೇ ಲಕ್ಷಣ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಐಡ್ಲಿಂಗ್ 1700 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಇದೆ ಅಂದುಕೊಳ್ಳಿ. ಎಲ್ಲ ಸರಿ ಇದ್ದರೆ, ಎರಡೂವರೆಗೆ ಒಂದರ ಲೆಕ್ಕದಲ್ಲಿ, ಹಿಂದಿನ ಕ್ಲಚ್ ತಿರುಗುವುದು 680 ಆರ್‌ಪಿಎಂ. ಶೂಗಳು ಅಲುಗಾಡುವುದಿಲ್ಲ. ಪುಲ್ಲಿ ತೆರೆದು ಜಾಮ್ ಆಗಿದ್ದರೆ, 0.8ಕ್ಕೆ ಒಂದರ ಲೆಕ್ಕದಲ್ಲಿ, ಅದೇ ಐಡ್ಲಿಂಗ್‌ನಲ್ಲಿ ಕ್ಲಚ್ 2125 ಆರ್‌ಪಿಎಂ ತಿರುಗುತ್ತದೆ. ಶೂವನ್ನು ಹೊರಕ್ಕೆ ಎಳೆಯುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ವೇಗ ಮೂರು ಪಟ್ಟು ಆದರೆ ಬಲ ಒಂಬತ್ತು ಪಟ್ಟು. ಶೂ ಹಿಡಿದೇ ಹಿಡಿಯುತ್ತದೆ. ಆಗ ಬ್ರೇಕ್ ಹಿಡಿದು ನಿಲ್ಲಿಸಿದ ಕೂಡಲೇ ಗಾಡಿ ನಡುಗುತ್ತದೆ, ಕೆಲವೊಮ್ಮೆ ಎಂಜಿನ್ ಆಫ್ ಆಗುತ್ತದೆ. ಇದನ್ನು ಕಾರ್ಬ್ಯುರೇಟರ್ ದೋಷ ಅಂತ ಐಡ್ಲಿಂಗ್ ಏರಿಸುವವರೂ ಇದ್ದಾರೆ, ಚಿಕ್ಕ ಸ್ಪ್ರಿಂಗ್ ಬದಲಾಯಿಸುವವರೂ ಇದ್ದಾರೆ. ಎರಡರಿಂದಲೂ ಮೂಲ ಕಾರಣ ಹೋಗುವುದಿಲ್ಲ.

ಹಾಗಾಗಿ ಹೀಗೆ ನೋಡಿ. ಹೊರಡುವಾಗ ತಿಣುಕಿ, ಓಡುವಾಗ ಸರಿ ಇದ್ದು, ನಿಲ್ಲಿಸುವಾಗ ನಡುಗುತ್ತಿದ್ದರೆ ಹಿಂದಿನ ಪುಲ್ಲಿ ತೆರೆದು ಅಂಟಿಕೊಂಡಿದೆ ಅನ್ನುವ ಅನುಮಾನ ಮೊದಲು ಬರಲಿ. ಹೊರಡುವಾಗ ಚೆನ್ನಾಗಿ ಎದ್ದು, ಆಮೇಲೆ ಎಂಜಿನ್ ಕೂಗುತ್ತಲೇ ಇದ್ದು ಸ್ಪೀಡ್ ನಲವತ್ತು ದಾಟದಿದ್ದರೆ ಅದು ಮುಚ್ಚಿದ ಸ್ಥಿತಿಯಲ್ಲಿ ಅಂಟಿಕೊಂಡಿರಬಹುದು. ಮುಂದಿನ ರೋಲರ್ ಸವೆದು ಚಪ್ಪಟೆಯಾದರೂ ಹೀಗೇ ಆಗಬಹುದು, ಅದನ್ನೂ ನೋಡಬೇಕು. ಯಾವ ಸ್ಪೀಡಿನಲ್ಲೂ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಮಾತ್ರ ಏರಿ, ಗಾಡಿ ಏರದೆ, ಸುಟ್ಟ ರಬ್ಬರ್ ವಾಸನೆ ಬಂದರೆ ಬೆಲ್ಟ್ ಜಾರುತ್ತಿದೆ. ನಿಜವಾಗಿ ಬಲ ಕಳೆದುಕೊಂಡ ದೊಡ್ಡ ಸ್ಪ್ರಿಂಗ್‌ನ ಲಕ್ಷಣ ಇದಕ್ಕಿಂತ ಮೃದು. ಸಮತಟ್ಟಿನಲ್ಲಿ ಏನೂ ಗೊತ್ತಾಗುವುದಿಲ್ಲ, ಏರಿನಲ್ಲಿ ಮಾತ್ರ ಎಂಜಿನ್ ಆರ್‌ಪಿಎಂ ಕುಸಿದು ಗಾಡಿ ಸೋಲುತ್ತದೆ.

ಅಂಟಿಕೊಳ್ಳುವುದು ಯಾಕೆ

ನಮ್ಮ ಊರಿನ ಓಡಾಟವೇ ದೊಡ್ಡ ಕಾರಣ. ಸಿಲ್ಕ್ ಬೋರ್ಡ್ ಕಡೆಯಿಂದ ಔಟರ್ ರಿಂಗ್ ರೋಡಿನಲ್ಲಿ ಸಂಜೆ ಹೊತ್ತು ಹೋಗುವ ಸ್ಕೂಟರ್ ಎರಡು ಮಾರು ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಎರಡು ಮಾರು ಹೋಗುತ್ತದೆ. ಪ್ರತಿ ಸಲವೂ ಕ್ಲಚ್ ಶೂ ಅರ್ಧಂಬರ್ಧ ಹಿಡಿದು ಜಾರುತ್ತದೆ. ಆ ಬಿಸಿಯೆಲ್ಲ ಬೆಲ್‌ನಿಂದ, ಶೂ ಕೂತಿರುವ ಪ್ಲೇಟಿನಿಂದ ಪಕ್ಕದಲ್ಲೇ ಇರುವ ಸ್ಪ್ರಿಂಗ್‌ಗೂ ಕೊಳವೆಗೂ ಹೋಗುತ್ತದೆ. ಒಳಗಿನ ಗ್ರೀಸ್‌ನಲ್ಲಿರುವ ಎಣ್ಣೆ ಆರುತ್ತಾ ಬಂದು ಗಟ್ಟಿಯಾದ ಕಂದು ಪದರ ಉಳಿಯುತ್ತದೆ. ಬೆಲ್ಟ್ ಸವೆದ ಕಪ್ಪು ಪುಡಿ, ಶೂ ಲೈನಿಂಗ್ ಪುಡಿ ಅದರ ಮೇಲೆ ಕೂರುತ್ತದೆ. ಬಿಸಿಯಲ್ಲಿ ವರ್ಷಗಟ್ಟಲೆ ಒತ್ತಿ ಹಿಡಿದಿಟ್ಟ ಸ್ಪ್ರಿಂಗ್ ಸ್ಟೀಲ್ ಕೂಡ ನಿಧಾನಕ್ಕೆ ಬಲ ಕಳೆದುಕೊಳ್ಳುತ್ತದೆ, ಉದ್ದ ಕಮ್ಮಿಯಾಗುತ್ತದೆ. ಎರಡೂ ಒಟ್ಟಿಗೇ ನಡೆಯುತ್ತವೆ. ಅದಕ್ಕೇ ಸ್ಪ್ರಿಂಗ್ ಮೇಲೆ ತಪ್ಪು ಹೊರಿಸುವುದು ಅಷ್ಟು ಸುಲಭ.

ಇನ್ನೊಂದು ಕಾರಣ ನೀರು. ಮಳೆಗಾಲದಲ್ಲಿ ಅಂಡರ್‌ಪಾಸ್‌ಗಳಲ್ಲಿ ನೀರು ನಿಂತಾಗ ಸುಮ್ನೆ ದಾಟಿಬಿಡೋಣ ಅನಿಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್, ಬೆಳ್ಳಂದೂರು ಕಡೆ ನೀರು ನಿಂತಾಗ ಎಷ್ಟು ಗಾಡಿಗಳು ಅದರಲ್ಲೇ ಹೋದವು ಅಂತ ನೋಡಿದವರಿಗೆ ಗೊತ್ತು. ಬೆಲ್ಟ್ ತಂಪಾಗಿರಲಿ ಅಂತ ಈ ಕವರ್ ಒಳಗೆ ಹೊರಗಿನ ಗಾಳಿ ಬರುವ ದಾರಿ ಇಟ್ಟಿರುತ್ತಾರೆ. ಗಾಳಿ ಬರುವ ಕಡೆ ನೀರೂ ಬರುತ್ತದೆ. ಒಳಗೆ ಹೋದ ಕೆಸರು ನೀರು ಹಳೆಯದಾದ ಸೀಲ್ ದಾಟಿ ಕೊಳವೆಗೆ ಇಳಿದರೆ ಗ್ರೀಸ್ ಕೆಡುತ್ತದೆ, ಗಾಡಿ ನಾಲ್ಕು ವಾರ ನಿಂತರೆ ತುಕ್ಕು ಹಿಡಿಯುತ್ತದೆ. ಮನೆ ಮುಂದೆ ಕವರ್ ಹೊದಿಸಿ ಬಹಳ ದಿನ ನಿಲ್ಲಿಸಿದ ಗಾಡಿಗಳಲ್ಲೂ ಇದೇ ಕಥೆ.

ಬಿಚ್ಚುವುದು

ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ಇರಲಿ, ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಕವರ್ ಬೋಲ್ಟ್‌ಗಳು ಹೆಚ್ಚಾಗಿ 8 ಎಂಎಂ ತಲೆಯವು, ಒಂದೊಂದರ ಉದ್ದ ಬೇರೆ ಬೇರೆ. ಒಂದು ರಟ್ಟಿನ ಮೇಲೆ ಕವರ್ ಆಕಾರ ಬರೆದು ಆಯಾ ಜಾಗದಲ್ಲಿ ಚುಚ್ಚಿಡಿ. ಒಳಗಿನ ಕಪ್ಪು ಪುಡಿಯನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಮೊದಲು ಕ್ಲಚ್ ಬೆಲ್ ನಡುವಿನ ನಟ್. ಬೆಲ್ ತಿರುಗದ ಹಾಗೆ ಹಿಡಿಯಲು ಹೋಲ್ಡರ್ ಸಿಗುತ್ತದೆ, ಅದನ್ನೇ ಬಳಸಿ. ಬೆಲ್ ಹೊರಗೆ ಬಂದ ಮೇಲೆ ಕ್ಲಚ್ ಮತ್ತು ಹಿಂದಿನ ಪುಲ್ಲಿ ಒಂದೇ ಗಂಟಾಗಿ ಬೆಲ್ಟ್ ಸಮೇತ ಶಾಫ್ಟಿನಿಂದ ಜಾರಿ ಬರುತ್ತದೆ. ಮಾಮೂಲಿಯಾಗಿ ಹಿಂದಿನ ತಟ್ಟೆಗಳನ್ನು ಕೈಯಿಂದ ಅಗಲಿಸಿ ಬೆಲ್ಟನ್ನು ಒಳಕ್ಕೆ ಒತ್ತಿದರೆ ಅದು ಸಡಿಲವಾಗುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಜಾಮ್ ಆಗಿದ್ದರೆ ಬೆಲ್ಟ್ ಸಡಿಲ ಬಿಡುವುದೇ ಇಲ್ಲ. ಆಗ ಹಿಂದೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಮುಂದಿನ ಪುಲ್ಲಿಯ ಹೊರಗಿನ ತಟ್ಟೆ ಬಿಚ್ಚಿದರೆ ಬೆಲ್ಟ್ ತಾನಾಗಿ ಬರುತ್ತದೆ. ಆ ಮುಂದಿನ ತಟ್ಟೆಗೆ ಫ್ಯಾನಿನ ರೆಕ್ಕೆಗಳಿರುತ್ತವೆ, ಅದರ ಸಂದಿಯಲ್ಲಿ ಏನಾದರೂ ಸಿಕ್ಕಿಸಿ ನಟ್ ಬಿಚ್ಚಲು ಹೋದರೆ ರೆಕ್ಕೆ ಮುರಿಯುತ್ತದೆ. ಅದಕ್ಕೂ ಹೋಲ್ಡರ್ ಇದೆ.

ಗಂಟು ಕೈಗೆ ಬಂದಾಗ ಒಂದು ಪರೀಕ್ಷೆ ಮಾಡಿ. ಎರಡು ಕೈಯಲ್ಲಿ ಹಿಡಿದು ಪುಲ್ಲಿಯ ತಟ್ಟೆಯನ್ನು ಕ್ಲಚ್ ಕಡೆಗೆ ತಿರುಗಿಸುತ್ತಾ ಒತ್ತಿ. ಗಟ್ಟಿಯಾಗಿದ್ದರೂ ತೆರೆದುಕೊಳ್ಳಬೇಕು, ಬಿಟ್ಟ ತಕ್ಷಣ ಟಪ್ ಅಂತ ಮುಚ್ಚಿಕೊಳ್ಳಬೇಕು. ಅಲುಗಾಡದಿದ್ದರೆ, ಅಥವಾ ತೆರೆದು ನಿಧಾನವಾಗಿ ವಾಪಸ್ ಬಂದರೆ, ದೋಷ ಸಿಕ್ಕಿತು. ಇದಿಷ್ಟನ್ನು ಗ್ಯಾರೇಜಿನಲ್ಲಿ ನಿಮ್ಮ ಕಣ್ಣೆದುರು ಮಾಡಿ ತೋರಿಸಿ ಅಂತ ಕೇಳಿ. ಅರ್ಧ ನಿಮಿಷದ ಕೆಲಸ.

ಈಗ ಅಪಾಯದ ಭಾಗ. ಕ್ಲಚ್ ಪ್ಲೇಟಿನ ಮೇಲೆ ಅಗಲವಾದ, ತೆಳ್ಳಗಿನ ಒಂದು ನಟ್ ಇದೆ, ಎಷ್ಟೋ ಸ್ಕೂಟರ್‌ಗಳಲ್ಲಿ 39 ಎಂಎಂ. ಇಡೀ ದೊಡ್ಡ ಸ್ಪ್ರಿಂಗ್ ಅನ್ನು ಒತ್ತಿ ಹಿಡಿದಿರುವುದು ಇದೊಂದೇ. ಒಬ್ಬ ದೊಡ್ಡವರು ಮೈಭಾರ ಹಾಕಿ ಒತ್ತಿದರೆ ಮಾತ್ರ ಬಗ್ಗುವ ಸ್ಪ್ರಿಂಗ್ ಅದು. ನಟ್‌ನ ಕೊನೆಯ ಎಳೆ ಬಿಟ್ಟ ಗಳಿಗೆಯಲ್ಲಿ ಭಾರವಾದ ಕಬ್ಬಿಣದ ಪ್ಲೇಟ್, ಶೂಗಳ ಸಮೇತ, ನೇರವಾಗಿ ಮೇಲಕ್ಕೆ ಹಾರುತ್ತದೆ. ಬಗ್ಗಿ ನೋಡುತ್ತಿರುವವರ ಮುಖ ಅಲ್ಲೇ ಇರುತ್ತದೆ. ಕೆಲವು ಗ್ಯಾರೇಜ್‌ಗಳಲ್ಲಿ ಹುಡುಗರು ಇದನ್ನು ನೆಲದ ಮೇಲಿಟ್ಟು, ಮೊಣಕಾಲಿನಲ್ಲಿ ಒತ್ತಿ ಹಿಡಿದು, ಒಂದು ಕೈಯಲ್ಲಿ ನಟ್ ಬಿಚ್ಚುವುದನ್ನು ನೋಡಿದ್ದೇನೆ. ಅಭ್ಯಾಸ ಇರುತ್ತದೆ, ನಿಜ. ಆದರೂ ಅದು ತಪ್ಪು, ಮಾಲೀಕರು ಅದಕ್ಕೆ ಬಿಡಬಾರದು.

ಸರಿಯಾದ ದಾರಿ ಕ್ಲಚ್ ಸ್ಪ್ರಿಂಗ್ ಕಂಪ್ರೆಸರ್, ಅಂದರೆ ಸ್ಪ್ರಿಂಗ್ ಅನ್ನು ಒತ್ತಿ ಹಿಡಿಯುವ ಉಪಕರಣ. ಅದು ಇಲ್ಲದಿದ್ದರೆ ಗಟ್ಟಿಯಾದ ಉದ್ದನೆಯ ಥ್ರೆಡ್ ರಾಡ್ ಒಂದನ್ನು ನಡುವಿನ ತೂತಿನಲ್ಲಿ ಹಾಯಿಸಿ, ಕೆಳಗೊಂದು ದಪ್ಪ ಪಟ್ಟಿ, ಮೇಲೊಂದು ಪಟ್ಟಿ ಇಟ್ಟು, ನಟ್ ಹಾಕಿ ಬಿಗಿಸಬಹುದು. ಮೇಲಿನ ಪಟ್ಟಿ 39ರ ನಟ್‌ಗೆ ಸಾಕೆಟ್ ಕೂರುವಷ್ಟು ಜಾಗ ಬಿಟ್ಟು, ಪ್ಲೇಟಿನ ಮೇಲೆಯೇ ಒತ್ತಬೇಕು. ಶೂಗಳ ಮೇಲಲ್ಲ. ಪೀಣ್ಯ, ಕಾಮಾಕ್ಷಿಪಾಳ್ಯದ ಯಾವುದೇ ಲೇತ್ ಅಂಗಡಿಯಲ್ಲಿ ಇಂಥದ್ದು ಮಾಡಿಕೊಡುತ್ತಾರೆ. ಕೆಲವರ ಹತ್ತಿರ ಹೈಡ್ರಾಲಿಕ್ ಪ್ರೆಸ್ ಇದೆ, ಗಂಟನ್ನು ಅಲ್ಲಿಗೇ ತೆಗೆದುಕೊಂಡು ಹೋಗಬಹುದು.

ನಟ್ ಬಿಗಿಯಾಗಿ ಕೂತುಬಿಟ್ಟಿದ್ದರೆ ಥ್ರೆಡ್ ಮೇಲೆ ಮಾತ್ರ ನಾಲ್ಕು ಹನಿ ಡಬ್ಲ್ಯೂಡಿ-40 ತರಹದ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇಡಿ. ಶೂ ಲೈನಿಂಗ್‌ಗೆ ತಾಗಬಾರದು, ಬಟ್ಟೆ ಸುತ್ತಿಡಿ. ಈ ನಟ್ ತೆಳ್ಳಗಿರುವುದರಿಂದ ಸಾಮಾನ್ಯ ಸಾಕೆಟ್ ಅದರ ಮೇಲೆ ನೆಟ್ಟಗೆ ಕೂರುವುದಿಲ್ಲ. ಸಾಕೆಟ್ ಬಾಯಿಯ ಒಳ ಅಂಚು ಸ್ವಲ್ಪ ಇಳಿಜಾರಾಗಿರುತ್ತದೆ, ಆ ಇಳಿಜಾರೇ ನಟ್‌ನ ಅರ್ಧ ಎತ್ತರ ತಿಂದುಬಿಡುತ್ತದೆ, ಜೋರಾಗಿ ತಿರುಗಿಸಿದರೆ ಸಾಕೆಟ್ ಜಾರಿ ನಟ್ ಮೂಲೆಗಳು ದುಂಡಗಾಗುತ್ತವೆ. ಆರು ಮೂಲೆಯ ಸಾಕೆಟ್ ತೆಗೆದುಕೊಂಡು ಅದರ ಬಾಯನ್ನು ಗ್ರೈಂಡರ್‌ನಲ್ಲಿ ಚಪ್ಪಟೆ ಮಾಡಿಸಿದರೆ ಭದ್ರವಾಗಿ ಹಿಡಿಯುತ್ತದೆ. ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ಬಿಚ್ಚುವ ಪದ್ಧತಿ ಬೇಡವೇ ಬೇಡ, ಥ್ರೆಡ್ ಹಾಳಾದರೆ ಪುಲ್ಲಿಯೇ ಹೋದ ಹಾಗೆ. ಬೆಂಕಿ ತೋರಿಸುವುದೂ ಬೇಡ, ಒಳಗೆ ಸೀಲ್, ಬೇರಿಂಗ್, ಗ್ರೀಸ್ ಇದೆ. ವೈಸ್‌ನಲ್ಲಿ ಹಿಡಿಯಬೇಕಾದರೆ ತಟ್ಟೆಗಳ ಮುಖ ಹಿಡಿಯಬೇಡಿ, ಅಲ್ಲಿ ಬೀಳುವ ಗೀರು ಬೆಲ್ಟನ್ನು ತಿನ್ನುತ್ತದೆ.

ಕಂಪ್ರೆಸರ್ ಬಿಗಿಸಿ ಸ್ಪ್ರಿಂಗ್ ಸ್ವಲ್ಪ ಒತ್ತಿದ ಮೇಲೆ ನಟ್ ಮೇಲಿನ ಒತ್ತಡ ಹೋಗುತ್ತದೆ. ಬಿಚ್ಚಿ ತೆಗೆಯಿರಿ. ಆಮೇಲೆ ಕಂಪ್ರೆಸರನ್ನು ಸುತ್ತು ಸುತ್ತಾಗಿ ಸಡಿಲಿಸಿ. ಪ್ಲೇಟ್ ನಿಧಾನಕ್ಕೆ ಮೇಲೇಳುತ್ತದೆ, ಸ್ಪ್ರಿಂಗ್ ತನ್ನ ಪೂರ್ತಿ ಉದ್ದಕ್ಕೆ ಬಂದು ಅಲುಗಾಡುವಷ್ಟು ಸಡಿಲವಾದ ಮೇಲೆ ಮಾತ್ರ ರಾಡ್ ತೆಗೆಯಿರಿ. ಇಲ್ಲಿ ಅವಸರ ಮಾಡುವಂಥದ್ದು ಏನೂ ಇಲ್ಲ.

ಇಷ್ಟಕ್ಕೇ ನಿಲ್ಲಿಸಬಾರದು

ತುಂಬಾ ಜನ ಇಲ್ಲಿಗೆ ಬಂದು, ಹಳೆ ಸ್ಪ್ರಿಂಗ್ ತೆಗೆದು, ಹೊಸದು ಇಟ್ಟು, ಮುಚ್ಚಿಬಿಡುತ್ತಾರೆ. ಬಿಚ್ಚಿದ ಕಷ್ಟವೆಲ್ಲ ಆದ ಮೇಲೆ ಅಸಲಿ ಕೆಲಸ ಮಾಡದೆ ಹೋದ ಹಾಗಾಗುತ್ತದೆ.

ಸ್ಪ್ರಿಂಗ್ ಕೆಳಗೆ ಒಂದು ಉಕ್ಕಿನ ಬಳೆಯಂಥ ಕವಚ ಇದೆ. ಮೆಲ್ಲಗೆ ಮೇಲೆತ್ತಿದರೆ ಓರೆ ಸೀಳು, ಪಿನ್‌ಗಳು ಕಾಣುತ್ತವೆ. ಪಿನ್‌ಗಳನ್ನು ಪ್ಲೈಯರ್‌ನಿಂದ ಹೊರಗೆ ಎಳೆಯಿರಿ. ಈಗ ಕದಲುವ ತಟ್ಟೆ ತಿರುಗಿಸುತ್ತಾ ಎಳೆದರೆ ಕೊಳವೆಯಿಂದ ಬರಬೇಕು. ಬರದಿದ್ದರೆ ಎಣ್ಣೆ ಬಿಟ್ಟು ಕಾಯಿರಿ, ಹಿಂದೆ ಮುಂದೆ ತಿರುಗಿಸಿ, ಮರದ ಸುತ್ತಿಗೆಯಲ್ಲಿ ಕತ್ತಿನ ಹತ್ತಿರ ಸುತ್ತಲೂ ಸಮನಾಗಿ ತಟ್ಟಿ. ಅಂಚಿನಲ್ಲಿ ಮೀಟಿದರೆ ತಟ್ಟೆ ಸೊಟ್ಟಗಾಗುತ್ತದೆ.

ನನ್ನ ಚಿಕ್ಕಪ್ಪನ ಹಳೆ ಸ್ಕೂಟರ್ ಬಿಚ್ಚಿದಾಗ ಕಂಡದ್ದನ್ನು ಹೇಳುತ್ತೇನೆ. ಅದಕ್ಕೆ ಮೊದಲೇ ಒಂದು ಗ್ಯಾರೇಜಿನಲ್ಲಿ ಹೊಸ ಸ್ಪ್ರಿಂಗ್ ಹಾಕಿದ್ದರು, ಬಣ್ಣದ ಗುರುತು ಕೂಡ ಮಾಸಿರಲಿಲ್ಲ. ಆದರೆ ಪಿನ್ ಒಂದನ್ನು ಬೆಳಕಿಗೆ ಹಿಡಿದರೆ ಅದರ ಒಂದು ಮೈ ಚಪ್ಪಟೆಯಾಗಿತ್ತು. ಸೀಳಿನ ಅಂಚಿನಲ್ಲಿ, ಪಿನ್ ಯಾವಾಗಲೂ ನಿಲ್ಲುವ ಜಾಗದಲ್ಲಿ, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಒಂದು ಗುಳಿ ಬಿದ್ದಿತ್ತು. ತಟ್ಟೆ ತೆರೆದುಕೊಂಡಾಗ ಪಿನ್ ಆ ಗುಳಿಯಲ್ಲಿ ಕೂತರೆ ಮತ್ತೆ ಏಳುತ್ತಿರಲಿಲ್ಲ. ಕೊಳವೆಯ ಮೇಲೆ ಗ್ರೀಸ್ ಇರಬೇಕಾದ ಕಡೆ ಉಗುರಿನಿಂದ ಕೆರೆದರೂ ಹೋಗದ ಕಂದು ಪದರ. ಹೊಸ ಸ್ಪ್ರಿಂಗ್ ಇದ್ದೂ ಗಾಡಿ ಏರು ಹತ್ತದಿದ್ದದ್ದಕ್ಕೆ ಕಾರಣ ಅಲ್ಲೇ ಕಣ್ಣೆದುರಿಗಿತ್ತು. ಚಿಕ್ಕಪ್ಪ ಪಿನ್ ಕೈಯಲ್ಲಿ ಹಿಡಿದು, "ಇಷ್ಟು ಚಿಕ್ಕದು ಇಷ್ಟು ಕಾಟ ಕೊಟ್ಟಿತೇನೋ" ಅಂದರು. ಕದಲುವ ತಟ್ಟೆ, ಪಿನ್, ಸೀಲ್ ಬದಲಾಯಿಸಿದೆವು. ಸ್ಪ್ರಿಂಗ್ ಅದನ್ನೇ ಉಳಿಸಿಕೊಂಡೆವು.

ಹಾಗಾಗಿ ನೋಡಬೇಕಾದ್ದು: ಪಿನ್ ದುಂಡಗಿದೆಯಾ, ಸೀಳಿನಲ್ಲಿ ಗುಳಿ ಇದೆಯಾ, ಕೊಳವೆ ನುಣುಪಾಗಿದೆಯಾ. ತೆಳು ತುಕ್ಕು ಇದ್ದರೆ ನುಣ್ಣನೆಯ ಎಮರಿ ಪೇಪರ್‌ಗೆ ಎಣ್ಣೆ ಹಚ್ಚಿ ಸುತ್ತಲೂ ಉಜ್ಜಿದರೆ ಹೋಗುತ್ತದೆ. ಉಗುರಿಗೆ ಸಿಗುವ ಗೀರು ಇದ್ದರೆ ಆ ಭಾಗ ಬದಲಾಯಿಸಿ. ಒಳಗಿನ ಬೇರಿಂಗ್ ಬೆರಳಿನಿಂದ ತಿರುಗಿಸಿದಾಗ ಗರಗರ ಅನ್ನಬಾರದು. ಓ ರಿಂಗ್, ಆಯಿಲ್ ಸೀಲ್ ನೋಡಲು ಚೆನ್ನಾಗಿ ಕಂಡರೂ ಹೊಸದು ಹಾಕಿ. ಒಳಗಿನ ಗ್ರೀಸ್ ಅನ್ನು ಉಳಿಸುವುದು, ಹೊರಗಿನ ನೀರನ್ನು ತಡೆಯುವುದು ಎರಡೂ ಅವೇ, ಬೆಲೆಯೂ ಕಮ್ಮಿ. ಹಳೆ ಸ್ಪ್ರಿಂಗ್ ಅನ್ನು ಹೊಸದರ ಪಕ್ಕ ನಿಲ್ಲಿಸಿ ಉದ್ದ ಹೋಲಿಸಿ. ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಎಷ್ಟು ಉದ್ದಕ್ಕಿಂತ ಕಮ್ಮಿ ಆದರೆ ಬದಲಾಯಿಸಬೇಕು ಅಂತ ಕೊಟ್ಟಿರುತ್ತಾರೆ. ತುಕ್ಕಿನ ಗುಳಿ ಬಿದ್ದ ಸ್ಪ್ರಿಂಗ್ ಉದ್ದ ಸರಿ ಇದ್ದರೂ ಬೇಡ, ಒಂದು ದಿನ ಅಲ್ಲಿಂದಲೇ ತುಂಡಾಗುತ್ತದೆ.

ಬಿಡಿಭಾಗ ಜೆಸಿ ರೋಡಿನಲ್ಲಿ ಸಿಗುತ್ತದೆ. ಗಾಡಿಯ ಮಾಡೆಲ್ ಮತ್ತು ವರ್ಷ ಎರಡೂ ಹೇಳಿ, ಸಾಧ್ಯವಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದೇ ಹೆಸರಿನ ಸ್ಕೂಟರ್ ಆದರೂ ಮಾಡೆಲ್ ಬದಲಾದಾಗ ಸ್ಪ್ರಿಂಗ್ ಬದಲಾಗಿರಬಹುದು. ಜಾಸ್ತಿ ಗಟ್ಟಿಯ ರೇಸಿಂಗ್ ಸ್ಪ್ರಿಂಗ್ ಹಾಕಿಸಿಕೊಳ್ಳಿ, ಪಿಕಪ್ ಬರುತ್ತದೆ ಅಂತ ಹೇಳುವವರು ಸಿಗುತ್ತಾರೆ. ದಿನಾ ಆಫೀಸಿಗೆ ಹೋಗುವ ಗಾಡಿಗೆ ಅದು ಬೇಡ. ಹೈ ಗೇರಿಗೆ ಹೋಗಲು ಎಂಜಿನ್ ಜಾಸ್ತಿ ಕೂಗಬೇಕಾಗುತ್ತದೆ, ಬೆಲ್ಟ್ ಜಾಸ್ತಿ ಬಿಸಿಯಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಮತ್ತೆ ಜೋಡಿಸುವಾಗ

ಗ್ರೀಸ್ ಎಷ್ಟು ಹಾಕಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಬಿಸಿ ತಡೆಯುವ ಗ್ರೀಸ್ ಬೇಕು, ಪಿನ್ ಸೀಳುಗಳಿಗೆ ಮತ್ತು ಕೊಳವೆಗೆ ತೆಳುವಾಗಿ. ಜಾಸ್ತಿ ಹಾಕಿದರೆ ಒಳ್ಳೆಯದು ಅಂದುಕೊಂಡರೆ ಅದು ತಿರುಗುವಾಗ ಹೊರಗೆ ಚಿಮ್ಮಿ ಬೆಲ್ಟ್‌ಗೂ ಶೂಗೂ ಅಂಟುತ್ತದೆ, ಆಮೇಲೆ ಎರಡೂ ಜಾರುತ್ತವೆ. ಕವಚ ಕೂರಿಸಿದ ಮೇಲೆ ತಟ್ಟೆಗಳ ಮುಖವನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಬಿಳಿ ಬಟ್ಟೆಗೆ ಕಲೆ ಹತ್ತದಷ್ಟು ಸ್ವಚ್ಛ ಇರಬೇಕು. ಸ್ಪ್ರಿಂಗ್ ಇಡುವ ಮೊದಲು ಕೈಯಿಂದ ತಟ್ಟೆಯನ್ನು ಸರಿಸಿ ನೋಡಿ, ಪಿನ್ ಹಾಕಿದ ಮೇಲೆಯೂ ಎರಡು ಬೆರಳಿನ ಬಲಕ್ಕೆ ಈ ತುದಿಯಿಂದ ಆ ತುದಿಗೆ ಜಾರಬೇಕು. ಎಲ್ಲಾದರೂ ಹಿಡಿದರೆ ಮತ್ತೆ ಬಿಚ್ಚಿ, ಕಾರಣ ಹುಡುಕಿ.

ಸ್ಪ್ರಿಂಗ್, ಪ್ಲೇಟ್ ಇಟ್ಟು ಮತ್ತೆ ಕಂಪ್ರೆಸರ್‌ನಲ್ಲಿ ಒತ್ತಿ. ಪ್ಲೇಟಿನ ತೂತು ಪೂರ್ತಿ ದುಂಡಗಿರುವುದಿಲ್ಲ, ಚಪ್ಪಟೆ ಬದಿಗಳಿರುತ್ತವೆ. ಕೊಳವೆಯ ಚಪ್ಪಟೆ ಬದಿಗೆ ಸರಿಯಾಗಿ ಕೂತಿದೆ ಅಂತ ನೋಡಿಕೊಂಡೇ ನಟ್ ಹಾಕಿ. ಬಿಗಿ ಎಷ್ಟು ಅನ್ನುವುದು ಮ್ಯಾನ್ಯುವಲ್‌ನಲ್ಲಿದೆ, ಟಾರ್ಕ್ ರೆಂಚ್ ಬಳಸಿ.

ಬೆಲ್ಟ್ ಹಾಕುವಾಗ ಒಂದು ದೊಡ್ಡ ತಪ್ಪು ನಡೆಯುತ್ತದೆ. ಹಿಂದಿನ ಪುಲ್ಲಿಯನ್ನು ಅಗಲಿಸಿ ಬೆಲ್ಟನ್ನು ಆಳಕ್ಕೆ ಇಳಿಸಿದರೆ ಮಾತ್ರ ಮುಂದೆ ಅದಕ್ಕೆ ಸಡಿಲ ಸಿಗುತ್ತದೆ. ಹಾಗೆ ಮಾಡದೆ ಮುಂದಿನ ತಟ್ಟೆಯ ನಟ್ ಬಿಗಿಸಿದರೆ ತಟ್ಟೆ ತನ್ನ ಜಾಗಕ್ಕೆ ತಾಗುವ ಬದಲು ಬೆಲ್ಟನ್ನು ಕಚ್ಚಿಕೊಂಡು ನಿಲ್ಲುತ್ತದೆ. ನಟ್ ಬಿಗಿಯಾದ ಹಾಗೆ ಕೈಗೆ ಅನಿಸುತ್ತದೆ. ನಾಲ್ಕು ಸುತ್ತು ಓಡಿದ ಮೇಲೆ ಬೆಲ್ಟ್ ಸರಿದು, ನಟ್ ಸಡಿಲವಾಗಿ, ತಟ್ಟೆ ಅಲುಗಾಡಿ ಕ್ರ್ಯಾಂಕಿನ ಹಲ್ಲುಗಳನ್ನೇ ತಿಂದುಹಾಕುತ್ತದೆ. ಕೆಲವು ನೂರು ರೂಪಾಯಿಯ ಸ್ಪ್ರಿಂಗ್ ಕೆಲಸ ಎಂಜಿನ್ ಬಿಚ್ಚುವ ಕೆಲಸ ಆಗುವುದು ಹೀಗೆ. ಬಿಗಿಸಿದ ಮೇಲೆ ಮುಂದಿನ ಪುಲ್ಲಿಯ ತಟ್ಟೆಗಳ ನಡುವೆ ಬೆಲ್ಟ್ ಕೈಗೆ ಸಡಿಲವಾಗಿ ಅಲುಗಾಡುತ್ತಿರಬೇಕು, ಇದೇ ಗುರುತು. ಬೆಲ್ಟ್ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗಿರಲಿ.

ಎಲ್ಲ ಮುಚ್ಚಿದ ಮೇಲೆ ಸೆಂಟರ್ ಸ್ಟ್ಯಾಂಡ್ ಮೇಲೆಯೇ ಸ್ಟಾರ್ಟ್ ಮಾಡಿ. ಐಡ್ಲಿಂಗ್‌ನಲ್ಲಿ ಹಿಂದಿನ ಚಕ್ರ ನಿಧಾನಕ್ಕೆ ತಿರುಗಿದರೆ ಗಾಬರಿ ಬೇಡ, ಬ್ರೇಕ್ ಮೆಲ್ಲಗೆ ಹಿಡಿದ ಕೂಡಲೇ ನಿಲ್ಲಬೇಕು, ಎಂಜಿನ್ ಸದ್ದು ಬದಲಾಗಬಾರದು. ಆಮೇಲೆ ಹತ್ತಿರದ ಖಾಲಿ ರಸ್ತೆಯಲ್ಲಿ ಸ್ಪೀಡ್ ಏರಿಸಿ, ಪೂರ್ತಿ ನಿಲ್ಲಿಸಿ, ತಕ್ಷಣ ಮತ್ತೆ ಹೊರಡಿ. ಈ ನಿಲ್ಲಿಸಿ ಹೊರಡುವ ಪರೀಕ್ಷೆಯಲ್ಲೇ ತಟ್ಟೆ ಪೂರ್ತಿ ವಾಪಸ್ ಬರುತ್ತಿದೆಯಾ ಅಂತ ಗೊತ್ತಾಗುವುದು. ಮೊದಲ ಒಂದೆರಡು ದಿನ ಸಣ್ಣ ವಾಸನೆ ಬರಬಹುದು, ಕೈಯಿಂದ ತಾಗಿದ ಎಣ್ಣೆ ಸುಟ್ಟು ಹೋಗುತ್ತಿರುತ್ತದೆ. ವಾರ ಕಳೆದರೂ ಬರುತ್ತಿದ್ದರೆ, ಅಥವಾ ಹೊರಡುವಾಗ ನಡುಕ ಇದ್ದರೆ, ಕವರ್ ತೆಗೆದು ಬೆಲ್ ಒಳಗೆ ಗ್ರೀಸ್ ಚಿಮ್ಮಿದೆಯಾ ನೋಡಿ. ಮಳೆ ನೀರಿನಲ್ಲಿ ಗಾಡಿ ಇಳಿಸಿದ ಮೇಲೂ ಇದೇ ಕವರ್ ಒಂದು ಸಲ ತೆಗೆದು, ನೀರು ಒರೆಸಿ, ತಟ್ಟೆಯನ್ನು ಕೈಯಿಂದ ತಿರುಗಿಸಿ ನೋಡಿ ಮುಚ್ಚಿ.